ಕೊಲೊನೋಸ್ಕೋಪಿಗೆ ಹೋಗೂಕಿಂತ ಮೊದಲ ಮನ್ಯಾಗ ಏನೇನ್ ಮಾಡ್ಬೇಕು

ಕೊಲೊನೋಸ್ಕೋಪಿ ಅಂದ್ರ ದೊಡ್ಡ ಕರಳಿನೊಳಗ ಕ್ಯಾಮೆರಾ ಬಿಟ್ಟು ನೋಡೂ ಟೆಸ್ಟು. ಅದಕ್ಕ ಟೇಬಲ್ ಮ್ಯಾಲೆ ಮಲಗೂದು ಹೆಚ್ಚು ಕಡಿಮಿ ಅರ್ಧಾ ತಾಸು, ಆದ್ರ ಅದರ ತಯಾರಿ ಮೂರು ದಿನದ್ದು, ಮತ್ತ ಆ ತಯಾರಿ ಪೂರ್ತಿ ನಿಮ್ಮ ಕೈಯಾಗ ಐತಿ. ಹೊಟ್ಟಿ ಸ್ವಚ್ಛ ಆಗ್ಲಿಲ್ಲಂದ್ರ ಎಂಥಾ ದೊಡ್ಡ ಡಾಕ್ಟರ್ ಇದ್ರೂ, ಎಂಥಾ ಹೊಸಾ ಮಷೀನ್ ಇದ್ರೂ ಒಳಗಿಂದು ಏನೂ ಕಾಣಂಗಿಲ್ಲ, ಇನ್ನೊಂದ್ ದಿನ ಮತ್ತ ಬರ್ರಿ ಅಂತ ಕಳಸ್ತಾರ. ದವಾಖಾನ್ಯಾಗ ಒಂದು ಹಾಳಿ ಕೊಡ್ತಾರ ಖರೇ, ಆದ್ರ ಅದರಾಗ "ಲೋ ರೆಸಿಡ್ಯೂ ಡಯಟ್" (ನಾರು, ಬೀಜ ಕಡಿಮಿ ಇರೂ ಊಟ) ಅಂತ ಬರದಿರ್ತಾರ, ಅದನ್ನ ನೋಡಿ ಅಡಗಿಮನ್ಯಾಗ ನಿಂತ ಅವ್ವಗ ಇವತ್ತ ರೊಟ್ಟಿ ಬಡೀಬೇಕೋ ಬ್ಯಾಡೋ ಅನ್ನೂದು ತಿಳಿಯೂದಿಲ್ಲ. ಅದಕ್ಕ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡಿ ಊಟ, ನೀರು, ಬಸ್ಸು ಎಲ್ಲಾ ಲೆಕ್ಕಕ್ಕ ಹಿಡದು ಇದನ್ನ ಬರೀತಿದ್ದೀನಿ. ನಿಮ್ಮ ಡಾಕ್ಟರ್ ಇದಕ್ಕಿಂತ ಬ್ಯಾರೆ ಏನರ ಹೇಳಿದ್ರ ಅವರು ಹೇಳಿದ್ದನ್ನ ಮಾಡ್ರಿ, ಅವರಿಗೆ ನಿಮ್ಮ ಫೈಲ್ ಗೊತ್ತಿರ್ತೈತಿ.

ಏನಿದು, ಯಾಕ ಮಾಡಸ್ತಾರ

ಬಾಯಾಗಿಂದ ಪೈಪ್ ಬಿಟ್ಟು ಹೊಟ್ಟಿ ನೋಡೂದು ಎಂಡೋಸ್ಕೋಪಿ, ಅದು ಬ್ಯಾರೆ. ಇದು ಕೆಳಗಿಂದು. ಬೆರಳಿನಷ್ಟ ದಪ್ಪ ಇರೂ, ಹೆಂಗ ಬೇಕಾದಂಗ ಬಾಗೂ ಪೈಪಿನ ತುದಿಗೆ ಕ್ಯಾಮೆರಾ, ಲೈಟ್ ಇರ್ತಾವ, ಅದನ್ನ ಗುದದ್ವಾರದಿಂದ ಬಿಟ್ಟು ದೊಡ್ಡ ಕರಳು ಪೂರ್ತಿ, ಅಂದ್ರ ಸುಮಾರು 5 ಫೂಟು, ಸಣ್ಣ ಕರಳು ಬಂದು ಕೂಡೂ ಜಾಗದ ತನಕ ನೋಡ್ಕೊಂಡು ಬರ್ತಾರ. ಸಂಶಯ ಇದ್ದ ಕಡೆ ಅಕ್ಕಿಕಾಳಿಗಿಂತ ಸಣ್ಣ ಚೂರು ತಗದು ಬಯಾಪ್ಸಿಗೆ ಕಳಸ್ತಾರ. ಪಾಲಿಪ್ ಅಂತ ಸಣ್ಣ ಗಡ್ಡಿ ಕಂಡ್ರ ಆಗಿಂದಾಗ ಕತ್ತರಿಸಿ ತಗೀತಾರ, ಇದ ದೊಡ್ಡ ಲಾಭ, ಯಾಕಂದ್ರ ಕರಳಿನ ಕ್ಯಾನ್ಸರ್ ಹೆಚ್ಚಾಗಿ ಇಂಥಾ ಪಾಲಿಪ್‌ನಿಂದನ ಶುರು ಆಗ್ತೈತಿ, ಅದು ಕ್ಯಾನ್ಸರ್ ಆಗಾಕ ಸಾಮಾನ್ಯವಾಗಿ ಹತ್ತು ವರ್ಷದ ಮ್ಯಾಲೆ ಹಿಡೀತೈತಿ, ಅಷ್ಟರಾಗ ತಗದು ಒಗದುಬಿಟ್ರ ಕ್ಯಾನ್ಸರ್ ಬರೂ ದಾರೀನ ಬಂದ್ ಆದಂಗ.

ಮೋಷನ್‌ದಾಗ ರಕ್ತ ಹೋಗೂದು, ವಾರಗಟ್ಟಲೆ ಜುಲಾಬು ಇಲ್ಲಾ ಇದ್ದಕ್ಕಿದ್ದಂಗ ಮಲಬದ್ಧತೆ ಶುರುವಾಗೂದು, ಕಾರಣ ಇಲ್ಲದ ತೂಕ ಇಳಿಯೂದು, ಎಷ್ಟ ಐರನ್ ಗುಳಿಗಿ ತಗೊಂಡ್ರೂ ರಕ್ತ ಏರದ ಇರೂದು, ಇಂಥಾವಕ್ಕ ಈ ಟೆಸ್ಟ್ ಬರೀತಾರ. ನಮ್ಮ ದೇಶದಾಗ ಕರಳಿನ ಟಿಬಿ ಸೈತ ಐತಿ, ಅದು ಕ್ರೋನ್ಸ್ ಅನ್ನೂ ಇನ್ನೊಂದು ಬ್ಯಾನಿ ಹಂಗ ಕಾಣ್ತೈತಿ, ಎರಡಕ್ಕೂ ಔಷಧಿ ಪೂರ್ತಿ ಬ್ಯಾರೆ, ಒಂದರ ಔಷಧಿ ಇನ್ನೊಂದಕ್ಕ ಕೊಟ್ರ ಕೆಡತೈತಿ, ಅದಕ್ಕ ಒಳಗ ನೋಡಿ ಚೂರು ತಗದು ಖಾತ್ರಿ ಮಾಡ್ಕೊಳ್ಳೂದು ಬೇಕಾಗ್ತೈತಿ.

ಇಲ್ಲೇ ಒಂದ್ ಮಾತು ಹೇಳಬೇಕು, ಇದು ನನಗ ಭಾಳ ಮುಖ್ಯ ಅನಸ್ತೈತಿ. ನಮ್ಮ ಕಡಿ ರಕ್ತ ಹೋದ್ರ ಸಾಕು, "ಮೂಲವ್ಯಾಧಿ ಐತಿ, ಖಾರ ತಿಂದೀನಿ, ಉಷ್ಣ ಆಗೈತಿ" ಅಂತ ತಾವ ತೀರ್ಮಾನ ಮಾಡ್ಕೊಂಡು ವರ್ಷಗಟ್ಟಲೆ ಸುಮ್ಮನಿರ್ತಾರ, ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಬರದ ನಂಬರಿಗೆ ಫೋನ್ ಮಾಡಿ ದಾರ ಕಟ್ಟಿಸ್ಕೊಂಡು ಬರ್ತಾರ. ಮೂಲವ್ಯಾಧಿನೂ ಇರಬಹುದು, ಅದರ ಜೋಡಿ ಮ್ಯಾಲೆ ಇನ್ನೊಂದೇನರ ಇರಬಹುದು, ಎರಡೂ ಒಬ್ಬರಿಗೇ ಇರಾಕ ಏನೂ ಅಡ್ಡಿ ಇಲ್ಲ. ಅದ್ರಾಗೂ ಹೆಣ್ಣಮಕ್ಕಳು ಇದನ್ನ ಮನ್ಯಾಗ ಗಂಡಗ, ಮಗಗ ಯಾರಿಗೂ ಹೇಳಂಗಿಲ್ಲ, ಸೀರಿ ಒಗಿಯೂವಾಗ ಸೊಸಿ ನೋಡಿದ್ರ ಮಾತ್ರ ಗೊತ್ತಾಗ್ತೈತಿ. ದಯವಿಟ್ಟು ಅವ್ವಗ, ಅತ್ತಿಗೆ, ಅಜ್ಜಿಗೆ ನೀವ ಬಾಯಿಬಿಟ್ಟು ಕೇಳ್ರಿ.

ಮನ್ಯಾಗ ಅಪ್ಪ, ಅವ್ವ, ಅಣ್ಣ, ತಂಗಿ ಯಾರಿಗರ ಕರಳಿನ ಕ್ಯಾನ್ಸರ್ ಆಗಿದ್ರ, ನಿಮಗೇನೂ ತ್ರಾಸ ಇಲ್ಲದಿದ್ರೂ ಡಾಕ್ಟರಿಗೆ ಆ ಮಾತು ಹೇಳ್ರಿ. ಅಂಥಾವರಿಗೆ 40 ವಯಸ್ಸಿಗೆ, ಇಲ್ಲಾ ಮನಿಯವರಿಗೆ ಆದ ವಯಸ್ಸಿಗಿಂತ 10 ವರ್ಷ ಮೊದಲ, ಯಾವುದು ಮುಂಚೆ ಬರ್ತೈತೋ ಆವಾಗ ಮಾಡಸಾಕ ಹೇಳ್ತಾರ. ಅಣ್ಣಗ 45ಕ್ಕ ಆಗಿದ್ರ ತಮ್ಮ 35ಕ್ಕ ಮಾಡಿಸ್ಕೋಬೇಕು, ಹಂಗ ಲೆಕ್ಕ.

ತಾರೀಖು ತಗೊಳ್ಳೂ ದಿನ

ಕೌಂಟರಿನ್ಯಾಗ ತಾರೀಖು ಬರಸಿ ಬರೂದಲ್ಲ, ಅವತ್ತ ಡಾಕ್ಟರ್ ಮುಂದ ಕುಂತು ಹೇಳೂದು ಭಾಳ ಐತಿ. ನೀವು ದಿನಾ ತಗೊಳ್ಳೂ ಗುಳಿಗಿ ಎಲ್ಲಾ, ಅದರ ಪಟ್ಟಿ ಬರಕೊಂಡು ಹೋಗೂದಕ್ಕಿಂತ ಗುಳಿಗಿ ಚೀಲಾನ ಎತ್ಕೊಂಡು ಹೋಗಿ ಟೇಬಲ್ ಮ್ಯಾಲೆ ಸುರುವ್ರಿ. ಆಯುರ್ವೇದಿಕ್ ಪುಡಿ, ಮಂಡಿ ಬ್ಯಾನಿಗೆ ತಗೊಳ್ಳೂ ಗುಳಿಗಿ, ಎಲ್ಲಾ.

ರಕ್ತ ತಿಳಿ ಮಾಡೂ ಗುಳಿಗಿ ಇದ್ರ, ಅಂದ್ರ ಕ್ಲೊಪಿಡೊಗ್ರೆಲ್, ವಾರ್ಫರಿನ್, ಅಸಿಟ್ರಾಮ್ ಇಂಥಾವು, ಮೊದಲ ಹೇಳ್ರಿ. ಪಾಲಿಪ್ ತಗದ್ರ ರಕ್ತ ನಿಲ್ಲಬೇಕಲ್ಲಾ, ಅದಕ್ಕ ಕೆಲವೊಮ್ಮೆ ಕೆಲವು ದಿನ ಮೊದಲ ನಿಲ್ಲಸ್ತಾರ. ಆದ್ರ ನೀವ ನೀವ ನಿಲ್ಲಸಬ್ಯಾಡ್ರಿ! ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡಾವರು, ವಾಲ್ವ್ ಬದಲಿ ಮಾಡಿಸ್ಕೊಂಡಾವರು, ಪಾರ್ಶ್ವವಾಯು ಆಗಿದ್ದಾವರು ಪಕ್ಕದ ಮನಿಯವರು ಹೇಳಿದ್ರು ಅಂತ ಗುಳಿಗಿ ಬಿಟ್ರ ಜೀವಕ್ಕ ಬರ್ತೈತಿ. ಹಾರ್ಟಿನ ಡಾಕ್ಟರಿಗೂ ಒಂದ್ ಫೋನ್ ಹೋಗಬೇಕು, ಇಬ್ಬರೂ ಮಾತಾಡಿ ಹೇಳಲಿ. ಆಸ್ಪಿರಿನ್ ಒಂದ ಇದ್ರ ಸಾಮಾನ್ಯವಾಗಿ ಮುಂದುವರಸಾಕ ಹೇಳ್ತಾರ.

ಐರನ್ ಗುಳಿಗಿ ಸುಮಾರು ಒಂದು ವಾರ ಮೊದಲ ನಿಲ್ಲಸಾಕ ಹೇಳ್ತಾರ, ಅದರಿಂದ ಮಲ ಕರೀದಾಗಿ ಕರಳಿನ ಗ್ವಾಡಿಗೆ ಹತ್ಕೊಂಡಿರ್ತೈತಿ, ತೊಳದ್ರೂ ಬಿಡಂಗಿಲ್ಲ.

ಶುಗರ್ ಇದ್ದಾವರು ಇದನ್ನ ಎರಡ ಸಲ ಓದ್ರಿ. ಹಿಂದಿನ ದಿನ ಊಟ ಇರಂಗಿಲ್ಲ, ಆದ್ರ ಗುಳಿಗಿ, ಇನ್ಸುಲಿನ್ ದಿನದ್ದಷ್ಟ ತಗೊಂಡ್ರ ಶುಗರ್ ಧಪ್ ಅಂತ ಇಳೀತೈತಿ. ಯಾವ ಗುಳಿಗಿ ಬಿಡಬೇಕು, ಇನ್ಸುಲಿನ್ ಎಷ್ಟು ಕಡಿಮಿ ಮಾಡಬೇಕು ಅನ್ನೂದನ್ನ ಹಾಳಿ ಮ್ಯಾಲೆ ಬರಿಸ್ಕೋರಿ, ಬಾಯಿಮಾತಿನ್ಯಾಗ ಬ್ಯಾಡ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೂ ಗುಳಿಗಿ ಈಗ ಭಾಳ ಮಂದಿ ತಗೋತಾರ, ಅವನ್ನ ಉಪಾಸ ಇರೂವಾಗ ತಗೊಂಡ್ರ ರಕ್ತದಾಗ ಆಸಿಡ್ ಏರೂ ಅಪಾಯ ಐತಿ, ಸಾಮಾನ್ಯವಾಗಿ 3 ದಿನ ಮೊದಲ ನಿಲ್ಲಸಾಕ ಹೇಳ್ತಾರ, ಹೆಸರು ತೋರಿಸಿ ಕೇಳ್ರಿ. ಮುಂಜಾನೆ ಮೊದಲನೇ ನಂಬರ್ ಕೊಡ್ರಿ ಅಂತ ಕೇಳೂದೂ ಚಲೋ, ಉಪಾಸದ ವ್ಯಾಳ್ಯಾ ಕಡಿಮಿ ಆಗ್ತೈತಿ. ಬಿಪಿ ಗುಳಿಗಿ, ಫಿಟ್ಸ್ ಗುಳಿಗಿ ಹೆಚ್ಚಾಗಿ ಬಿಡಸಂಗಿಲ್ಲ, ಒಂದ ಗುಟುಕು ನೀರಿನ್ಯಾಗ ತಗೋರಿ ಅಂತಾರ, ಅದನ್ನೂ ಕೇಳಿ ಖಾತ್ರಿ ಮಾಡ್ಕೋರಿ.

ಕಿಡ್ನಿ ತ್ರಾಸ, ಹಾರ್ಟ್ ವೀಕ್ ಇದ್ದದ್ದು, ಗೊರಕಿ ಹೊಡಿಯೂವಾಗ ಉಸರು ನಿಲ್ಲೂದು, ಹಿಂದ ಅರವಳಿಕಿ ಕೊಟ್ಟಾಗ ತ್ರಾಸ ಆಗಿದ್ದು, ಬಸುರಿ ಇದ್ದದ್ದು, ಹೊಟ್ಟಿ ಆಪರೇಷನ್ ಆಗಿದ್ದು, ಇವೆಲ್ಲಾ ಹೇಳಬೇಕು. ಮುಟ್ಟಾಗಿದ್ರ ಟೆಸ್ಟಿಗೆ ಏನೂ ಅಡ್ಡಿ ಇಲ್ಲ, ತಾರೀಖು ಮುಂದ ಹಾಕೂದು ಬೇಕಾಗಿಲ್ಲ. ಲೇಡಿ ಸ್ಟಾಫ್ ಜೋಡಿ ಇರಬೇಕು ಅಂತ ಕೇಳೂದು ನಿಮ್ಮ ಹಕ್ಕು, ಸಂಕೋಚ ಪಡಬ್ಯಾಡ್ರಿ.

ರೊಕ್ಕದ ಮಾತು. ಪ್ರೈವೇಟ್ ದವಾಖಾನ್ಯಾಗ ರೇಟ್ ಕೇಳೂವಾಗ ಟೆಸ್ಟಿಂದಷ್ಟ ಕೇಳಬ್ಯಾಡ್ರಿ, ಅರವಳಿಕಿ ಡಾಕ್ಟರ್ ಫೀ, ಬಯಾಪ್ಸಿ, ಪಾಲಿಪ್ ತಗೀಬೇಕಾದ್ರ ಅದು, ಇವೆಲ್ಲಾ ಬ್ಯಾರೆ ಬಿಲ್ ಆಗ್ತಾವೇನು ಅಂತ ಮೊದಲ ಕೇಳ್ರಿ. ಬಿಪಿಎಲ್ ಕಾರ್ಡ್ ಇದ್ದಾವರು ಕಾರ್ಡು, ಆಧಾರ್ ತಗೊಂಡು ಹೋಗ್ರಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನಡಿಯೂ ದವಾಖಾನ್ಯಾಗ ಆರೋಗ್ಯ ಮಿತ್ರ ಅಂತ ಒಬ್ಬರು ಕುಂತಿರ್ತಾರ, ನಿಮ್ಮ ಕೇಸಿಗೆ ಬರ್ತೈತೋ ಇಲ್ಲೋ, ರೆಫರಲ್ ಚೀಟಿ ಬೇಕೇನು ಅಂತ ಅವರನ್ನ ಕೇಳ್ರಿ. ಹುಬ್ಬಳ್ಳಿ ಕಿಮ್ಸ್, ಈಗ ಕೆಎಂಸಿಆರ್‌ಐ ಅಂತ ಹೆಸರು ಬದಲಿ ಆಗೈತಲ್ಲಾ, ಅಲ್ಲೂ ಒಮ್ಮೆ ಹೋಗಿ ವಿಚಾರಿಸಿ ಆಮ್ಯಾಲೆ ಪ್ರೈವೇಟ್ ಯೋಚನೆ ಮಾಡ್ರಿ.

ದೂರಿಂದ ಬರೋರು

ಗದಗಿಂದ ಹುಬ್ಬಳ್ಳಿಗೆ 60 ಕಿಲೋಮೀಟರ್ ಹತ್ರ, ಹಾವೇರಿಯಿಂದ 70 ದಾಟತೈತಿ, ರೋಣ, ಮುಂಡರಗಿ, ಹಿರೇಕೆರೂರು ಕಡಿಯಿಂದ ಬರೋರಿಗೆ ಇನ್ನೂ ದೂರ. ಹೊಟ್ಟಿ ತೊಳಿಯೂ ಔಷಧಿನ ಎರಡ ಭಾಗ ಮಾಡಿ ಕುಡಸ್ತಾರ, ಅದರ ಎರಡನೇ ಭಾಗ ಟೆಸ್ಟಿನ ದಿನ ನಸಿಕಿನ್ಯಾಗ ಕುಡೀಬೇಕಾಗ್ತೈತಿ, ಅದನ್ನ ಕುಡದು ಬಸ್ ಹತ್ತಿದ್ರ ದಾರ್ಯಾಗ ಏನಾಗ್ತೈತಿ ಅನ್ನೂದು ಬಿಡಿಸಿ ಹೇಳಬೇಕಾಗಿಲ್ಲ. ಹಂಗಂತ ಎರಡನೇ ಭಾಗ ಕುಡಿಯೂದನ್ನ ಬಿಟ್ಟು ಬರೋರೂ ಅದಾರ, ಅವರದ್ದ ಟೆಸ್ಟ್ ಹಾಳಾಗೂದು. ಎರಡ ದಾರಿ ಅದಾವ. ಹಿಂದಿನ ದಿನ ಮಧ್ಯಾಹ್ನನ ಬಂದು ಹುಬ್ಬಳ್ಳಿ, ಧಾರವಾಡದಾಗ ಬೀಗರ ಮನ್ಯಾಗೋ, ದವಾಖಾನಿ ಹತ್ರ ಲಾಡ್ಜಿನ್ಯಾಗೋ ಇಳಕೊಳ್ಳೂದು, ಸಂಡಾಸ್ ಬ್ಯಾರೆ ಇರೂ ರೂಮ್ ಬೇಕು. ಇಲ್ಲಾ ಮಧ್ಯಾಹ್ನದ ಮ್ಯಾಲಿನ ನಂಬರ್ ಕೇಳೂದು, ಆವಾಗ ಊರಾಗ ಮುಂಜಾನೆ ಲಗೂನ ಔಷಧಿ ಕುಡದು, ಹೊಟ್ಟಿ ಖಾಲಿ ಆಗಿ ಶಾಂತ ಆದಮ್ಯಾಲೆ ಕಾರಿನ್ಯಾಗ ಬರಬಹುದು. ವಯಸ್ಸಾದಾವರು, ಮಂಡಿ ಹಿಡಿದಾವರು ಇದ್ರ ಮೊದಲನೇದ ಚಲೋ, ಕೆಲವು ದವಾಖಾನ್ಯಾಗ ಹಿಂದಿನ ದಿನ ಅಡ್ಮಿಟ್ ಮಾಡ್ಕೊಂಡು ಅಲ್ಲೇ ಔಷಧಿ ಕುಡಸ್ತಾರ, ಅದನ್ನೂ ಕೇಳ್ರಿ.

ಮೂರು ದಿನ ಮೊದಲಿಂದ ಊಟ

ನಮ್ಮ ಕಡಿ ಊಟ ದಿನಾ ಆರೋಗ್ಯಕ್ಕ ಭಾಳ ಚಲೋ, ಜೋಳದ ರೊಟ್ಟಿ, ಹಸಿ ತಪ್ಪಲ, ಮೊಳಕಿ ಕಾಳು, ಮಲ ಸಲೀಸ್ ಹೋಗೂದು ಇದರಿಂದನ. ಆದ್ರ ಈ ಮೂರು ದಿನಕ್ಕ ಅದ ಊಟ ತಕರಾರು ಮಾಡ್ತೈತಿ. ನಾರು ಕರಗಂಗಿಲ್ಲ, ಬೀಜ ಕರಗಂಗಿಲ್ಲ. ಕೊಲೊನೋಸ್ಕೋಪಿನ ಪೈಪಿನೊಳಗ ಕೊಳಿ ಎಳಕೊಳ್ಳೂ ದಾರಿ 4 ಮಿಲಿಮೀಟರಿಗಿಂತ ಸಣ್ಣದು, ಎರಡ ಮೂರ ಟೊಮೆಟೊ ಬೀಜ, ಎಳ್ಳು ಒಟ್ಟಾಗಿ ಸಿಕ್ಕೊಂಡ್ರ ದಾರಿ ಕಟ್ಕೋತೈತಿ, ಡಾಕ್ಟರ್ ಪೈಪ್ ಹೊರಗ ತಗದು ತೊಳದು ಮತ್ತ ಬಿಡಬೇಕು.

ಬಿಡಬೇಕಾದ್ದು: ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಗೋಧಿ ಚಪಾತಿ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಎಳ್ಳು ಇವು ಮೂರೂ ದಿನ ಬಾಯಿಗೆ ಹತ್ತಬಾರದು, ಸಂಕ್ರಾಂತಿ ಮುಂದ ತಾರೀಖು ಬಂದ್ರ ಎಳ್ಳು ಹಚ್ಚಿದ ರೊಟ್ಟಿ ನೆನಪಿಟ್ಟು ದೂರ ಇಡ್ರಿ. ಮೆಂತ್ಯ, ಪುಂಡಿ, ಸಬ್ಬಸಗಿ ಎಲ್ಲಾ ತಪ್ಪಲಪಲ್ಯಾ, ಮಡಿಕಿಕಾಳು, ಕಡ್ಲಿ, ಎಣಗಾಯಿ ಬದನಿ, ಸೌತಿಕಾಯಿ, ಹಸಿ ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ ಬೀಜ, ಪೇರಲ, ದಾಳಿಂಬ್ರಿ, ದ್ರಾಕ್ಷಿ. ಸಂಜಿಮುಂದ ಗಿರ್ಮಿಟ್ಟೂ ಬ್ಯಾಡ, ಅದರಾಗ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಎಲ್ಲಾ ಬಂತು.

ತಿನ್ನಬಹುದಾದ್ದು: ಬಿಳಿ ಅನ್ನ, ಮೊಸರನ್ನ, ಇಡ್ಲಿ, ಸಣ್ಣ ರವಾದ ಉಪ್ಪಿಟ್ಟು, ಮೈದಾ ಬ್ರೆಡ್ಡು, ಸಿಪ್ಪಿ ತಗದ ಆಲೂಗಡ್ಡಿ, ನುಣ್ಣಗ ಕುದಿಸಿ ಸೋಸಿದ ಬ್ಯಾಳಿ ಸಾರು. ತಿನ್ನೋರಿದ್ರ ತತ್ತಿ, ಮೀನು, ಮೆತ್ತಗ ಕುದಿಸಿದ ಕೋಳಿ. ಅಡಗಿ ಮಾಡೋರಿಗೆ ಒಂದ್ ಸೂಕ್ಷ್ಮ: ಒಗ್ಗರಣ್ಯಾಗ ಸಾಸವಿ, ಜೀರಗಿ, ಕರಿಬೇವು ಹಾಕಬ್ಯಾಡ್ರಿ, ಮೊಸರನ್ನ ಅಂದಕೂಡ್ಲೇ ಕೈ ತಾನ ಸಾಸವಿ ಡಬ್ಬಿಗೆ ಹೋಗ್ತೈತಿ. ಎಣ್ಣಿ, ಉಪ್ಪು, ಚಿಟಿಕಿ ಇಂಗು, ಅರಿಷಿಣ ಸಾಕು, ಮೂರು ದಿನದ ಮಾತು.

ಇನ್ನೊಂದು, ಉಪಾಸ ಅಂದ್ರ ನಮ್ಮಲ್ಲಿ ಸಾಬೂದಾಣಿ ಖಿಚಡಿ ಅಂತ ಅರ್ಥ, ಅದರಾಗ ಶೇಂಗಾ ಪುಡಿ ಸುರುವಿರ್ತಾರ. ದವಾಖಾನಿಯವರು "ಫಾಸ್ಟಿಂಗ್" ಅಂದ್ರ ಅದು ನಡಿಯೂದಿಲ್ಲ.

ಹಿಂದಿನ ದಿನ

ಕೆಲವು ಡಾಕ್ಟರ್ ಮುಂಜಾನೆ ಹಗುರ ನಾಷ್ಟಾ ಮಾಡಾಕ ಬಿಡ್ತಾರ, ಆಮ್ಯಾಲೆ ಬರೇ ತಿಳಿ ಪದಾರ್ಥ. ತಿಳಿ ಅಂದ್ರ ಗ್ಲಾಸಿನ್ಯಾಗ ಹಾಕಿ ಹಿಂದ ಬೆರಳು ಹಿಡದ್ರ ಬೆರಳು ಕಾಣಬೇಕು. ನೀರು, ಎಳನೀರು, ಸೋಸಿದ ಲಿಂಬಿ ಶರಬತ್ತು, ಹಾಲಿಲ್ಲದ ಚಹಾ, ಗ್ಲುಕೋಸ್ ನೀರು, ಓಆರ್‌ಎಸ್, ಮ್ಯಾಲಿನ ತಿಳಿ ಅಷ್ಟ ಸೋಸಿದ ಬ್ಯಾಳಿ ಕಟ್ಟು. ಮಜ್ಜಿಗಿ ತಿಳಿ ಅಲ್ಲ, ಎಷ್ಟ ನೀರು ಹಾಕಿದ್ರೂ ಅಲ್ಲ. ಹಾಲು, ಹಾಲಿನ ಚಹಾ ಅಲ್ಲ. ಕೆಂಪು, ನೇರಳೆ ಬಣ್ಣದ ಶರಬತ್ತು, ಬೀಟ್‌ರೂಟ್, ಕೋಕಂ ಕುಡೀಬ್ಯಾಡ್ರಿ, ಒಳಗ ಅದು ರಕ್ತದಂಗ ಕಾಣ್ತೈತಿ. ಎಲಿ-ಅಡಿಕಿ, ಗುಟಕಾನೂ ಬಂದ್, ಅಡಿಕಿ ಚೂರು ನುಂಗಿದ್ರ ಅದೂ ಕರಳಿನ್ಯಾಗ ಬಂದು ಕುಂದ್ರತೈತಿ. ನಮ್ಮ ಹಿರೇರಿಗೆ ಊಟ ಬಿಡೂದಕ್ಕಿಂತ ಇದ ಕಷ್ಟ, ಎಲಿ ಚಂಚಿ ಅವತ್ತೊಂದಿನ ಮೊಮ್ಮಕ್ಕಳ ಕೈಯಾಗ ಕೊಟ್ಟುಬಿಡ್ರಿ.

ಶುಗರ್ ಇದ್ದಾವರು ಗ್ಲುಕೋಮೀಟರ್ ಇದ್ರ ನಾಕ ತಾಸಿಗೊಮ್ಮೆ ನೋಡ್ರಿ, 70ಕ್ಕಿಂತ ಕೆಳಗ ಬಂದ್ರ, ಇಲ್ಲಾ ಬೆವರು, ಕೈ ನಡುಗೂದು, ಕಣ್ಣು ಮಂಜಾಗೂದು ಆದ್ರ ತಡಾ ಮಾಡದ ಸಕ್ಕರಿ ನೀರು ಕುಡೀರಿ, ಟೆಸ್ಟ್ ಕೆಡತೈತಿ ಅಂತ ಹೆದರಬ್ಯಾಡ್ರಿ, ಸಕ್ಕರಿ ನೀರು ತಿಳಿ ಪದಾರ್ಥನ. ಆಮ್ಯಾಲೆ ದವಾಖಾನಿಗೆ ಫೋನ್ ಮಾಡಿ ತಿಳಸ್ರಿ.

ನೀರು ತುಂಬಿಟ್ಕೋರಿ. ಹುಬ್ಬಳ್ಳಿ-ಧಾರವಾಡದಾಗ ಇನ್ನೂ ಎಷ್ಟೋ ಓಣ್ಯಾಗ, ಗದಗದಾಗಂತೂ, ನಳ ದಿನಾ ಬರಂಗಿಲ್ಲ. ಅವತ್ತ ಸಂಜಿಯಿಂದ ಸಂಡಾಸಿಗೆ ಹೋಗೂದು ಲೆಕ್ಕ ಇರಂಗಿಲ್ಲ, ಬ್ಯಾರಲ್, ಬಕೆಟ್ ಎಲ್ಲಾ ತುಂಬಿರಲಿ. ಸಂಡಾಸ್ ಹೊರಗ ಹಿತ್ತಲದಾಗ ಇದ್ರ ದಾರಿಗೆ ಲೈಟ್ ಹಾಕಿಡ್ರಿ, ಅಜ್ಜ, ಅಜ್ಜಿ ಇದ್ರ ಒಬ್ಬರು ಹತ್ರ ಮಲಗ್ರಿ, ರಾತ್ರಿ ಅವಸರದಾಗ ಎದ್ದು ಚಕ್ಕರ್ ಬಂದು ಬಿದ್ರ ಅದ ದೊಡ್ಡ ಕೆಲಸ ಆಗ್ತೈತಿ. ಕೆಳಗ ಕುಂದ್ರಾಕ ಆಗದಾವರಿಗೆ ಕಮೋಡ್ ಖುರ್ಚಿ ಬಾಡಗಿಗೆ ಸಿಗತೈತಿ, ತಂದಿಡ್ರಿ. ಪದೇ ಪದೇ ತೊಳದು ಚರ್ಮ ಉರೀತೈತಿ, ಮೊದಲನೇ ಸಲ ಹೋಗೂಕಿಂತ ಮೊದಲ ವ್ಯಾಸಲಿನ್ ಇಲ್ಲಾ ಕೊಬ್ಬರಿ ಎಣ್ಣಿ ಹಚ್ಕೋರಿ, ಉರಿ ಶುರುವಾದ ಮ್ಯಾಲೆ ಹಚ್ಚಿದ್ರ ಅಷ್ಟ ಉಪಯೋಗ ಇಲ್ಲ.

ಔಷಧಿ ಕುಡಿಯೂದು

ಹೆಚ್ಚಾಗಿ ಕೊಡೂದು ಪೆಗ್ ಅನ್ನೂ ಪುಡಿ, ಪೆಗ್ಲೆಕ್ ಅಂತ ಪಾಕೀಟು ಬರ್ತೈತಿ, ಒಂದು ಪಾಕೀಟು 2 ಲೀಟರ್ ನೀರಿಗೆ. ಇದು ಕರಳಿನ್ಯಾಗ ನೀರು ಹಿಡಕೊಂಡು ಹಂಗ ತೊಳಕೊಂಡು ಹೋಗ್ತೈತಿ, ಮೈಯಾಗಿನ ಉಪ್ಪು ಹೆಚ್ಚುಕಡಿಮಿ ಆಗದಂಗ ಅದರಾಗನ ಉಪ್ಪು ಸೇರಿಸಿರ್ತಾರ. ಸಣ್ಣ ಬಾಟಲಿ ಕುಡದ್ರ ಸಾಕು ಅನ್ನೂ ಫಾಸ್ಫೇಟ್ ಔಷಧಿನೂ ಐತಿ, ಕುಡಿಯಾಕ ಸರಳ, ಆದ್ರ ಕಿಡ್ನಿ, ಹಾರ್ಟ್ ತ್ರಾಸ ಇದ್ದಾವರಿಗೆ, ವಯಸ್ಸಾದಾವರಿಗೆ ಅದು ಅಪಾಯ. ಮೆಡಿಕಲ್ ಶಾಪಿನ್ಯಾಗ "ಅದಿಲ್ಲ, ಇದನ್ನ ತಗೋರಿ, ಎರಡೂ ಒಂದ" ಅಂದ್ರ ತಗೋಬ್ಯಾಡ್ರಿ, ಡಾಕ್ಟರಿಗೆ ಫೋನ್ ಮಾಡಿ ಕೇಳ್ರಿ.

ಕಲಸೂದು ಹಿಂಗ. ಅಂದಾಜಿನ್ಯಾಗ ತಂಬಿಗಿ ಲೆಕ್ಕ ಹಿಡೀಬ್ಯಾಡ್ರಿ, 2 ಲೀಟರ್ ನೀರಿನ ಬಾಟಲಿ ಒಂದು ತಗೋರಿ, ಮುಕ್ಕಾಲು ಭಾಗ ತುಂಬಿ ಪುಡಿ ಹಾಕಿ ಮುಚ್ಚಿ ಅಲಗಾಡಸ್ರಿ, ಪುಡಿ ಕರಗಿ ತಿಳಿ ಆದಮ್ಯಾಲೆ ಪೂರ್ತಿ ತುಂಬ್ರಿ. ಕುದಿಸಿ ಆರಿಸಿದ ನೀರು, ಇಲ್ಲಾ ಫಿಲ್ಟರ್ ನೀರು. ಸಕ್ಕರಿ, ಹಾಲು ಏನೂ ಸೇರಿಸಬ್ಯಾಡ್ರಿ. ಎರಡ ತಾಸು ಫ್ರಿಡ್ಜಿನ್ಯಾಗ ಇಟ್ರ ಕುಡಿಯಾಕ ಎಷ್ಟೋ ಸರಳ, ರುಚಿ ಉಪ್ಪುಪ್ಪು, ಬಾಯಾಗ ಜಿಗಟು ಅನಸ್ತೈತಿ, ತಂಪಿದ್ರ ಅದು ಅಷ್ಟು ಗೊತ್ತಾಗೂದಿಲ್ಲ. ಸ್ಟ್ರಾ ಹಾಕಿ ನಾಲಿಗಿ ಹಿಂದ ಬಿಟ್ಕೊಂಡು ಕುಡೀರಿ, ನಡುನಡುವ ಲಿಂಬಿಹಣ್ಣು ಚೀಪಿ ಉಗಳ್ರಿ.

ಹಿಂದಿನ ದಿನ ಸಂಜಿ ಅರ್ಧ, ಟೆಸ್ಟಿನ ದಿನ ಮುಂಜಾನೆ ಅರ್ಧ ಅಂತ ಎರಡ ಭಾಗ ಮಾಡೂದು ಈಗ ರೂಢಿ, ಒಂದ ಸಲಕ್ಕ ಪೂರ್ತಿ ಕುಡಿಯೂದಕ್ಕಿಂತ ಹಿಂಗ ಮಾಡಿದ್ರ ಚಲೋ ಸ್ವಚ್ಛ ಆಗ್ತೈತಿ. ಎರಡನೇ ಭಾಗ ಟೆಸ್ಟಿಗೆ 4 ರಿಂದ 6 ತಾಸು ಮೊದಲ ಶುರು ಮಾಡಿ, ಕಡಿಮಿ ಅಂದ್ರೂ 2 ತಾಸು ಮೊದಲ ಮುಗಿಸಬೇಕು. ಟೆಸ್ಟ್ 10 ಗಂಟೆಗೆ ಇದ್ರ ಮುಂಜಾನೆ 5ಕ್ಕ ಎದ್ದು ಕುಡಿಯೂದು, ನಿದ್ದಿ ಕೆಡತೈತಿ, ಆದ್ರ ಇದನ್ನ ಮಾತ್ರ ಬಿಡಬ್ಯಾಡ್ರಿ. ರಾತ್ರಿ ತೊಳದ ಕರಳಿನ್ಯಾಗ ಬೆಳಗಾಗೂದ್ರಾಗ ಪಿತ್ತ, ಲೋಳಿ ಇಳದು ಬಂದು ಬಲಗಡಿ ಕರಳಿಗೆ ಬಳಕೊಂಡಿರ್ತೈತಿ, ಚಪ್ಪಟಿ ಪಾಲಿಪ್ ಅಡಗೂದು ಅಲ್ಲೇ.

10-15 ಮಿನಿಟಿಗೆ ಒಂದು ಗ್ಲಾಸು. ಗಟಗಟ ಕುಡದ್ರ ವಾಂತಿ ಬರ್ತೈತಿ, ತೀರಾ ನಿಧಾನ ಮಾಡಿದ್ರ ತೊಳಿಯೂ ಜೋರು ಹೋಗ್ತೈತಿ. ವಾಂತಿ ಬಂದಂಗಾದ್ರ ಅರ್ಧಾ ತಾಸು ನಿಲ್ಲಸಿ, ಮನ್ಯಾಗನ ನಾಕ ಹೆಜ್ಜಿ ಅಡ್ಡಾಡಿ ಮತ್ತ ಶುರು ಮಾಡ್ರಿ. ಮೊದಲನೇ ಗ್ಲಾಸ್ ಕುಡದ ಒಂದು ತಾಸಿನ್ಯಾಗ ಹೆಚ್ಚಾಗಿ ಶುರು ಆಗ್ತೈತಿ, ಕೆಲವರಿಗೆ ಮೂರು ತಾಸೂ ಹಿಡೀತೈತಿ, ಮಲಬದ್ಧತೆ ಮೊದಲಿಂದ ಇದ್ದಾವರು ಇದನ್ನ ಡಾಕ್ಟರಿಗೆ ಮೊದಲ ಹೇಳಿದ್ರ ಎರಡ ದಿನ ಮುಂಚಿಂದನ ಗುಳಿಗಿ ಕೊಡ್ತಾರ.

ಸಾಕಾತು ಅನ್ನೂದು ಹೆಂಗ ಗೊತ್ತಾಗಬೇಕು? ಮೊದಲು ಗಟ್ಟಿ, ಆಮ್ಯಾಲೆ ಕಂದು ನೀರು, ಆಮ್ಯಾಲೆ ಹಳದಿ ನೀರಿನ್ಯಾಗ ಚೂರು ಚೂರು, ಕೊನಿಗೆ ಮೂತ್ರದಂಗ ತಿಳಿ ಹಳದಿ ನೀರು, ಸಂಡಾಸಿನ ತಳ ಕಾಣಬೇಕು. ನಾಕ ಸಲ ಹೋಗಿ ಬಂದು "ಹೊಟ್ಟಿ ಖಾಲಿ ಆತು" ಅಂತ ಉಳದದ್ದನ್ನ ಚೆಲ್ಲಬ್ಯಾಡ್ರಿ, ಲೆಕ್ಕ ಸಲದ್ದಲ್ಲ, ಬಣ್ಣದ್ದು. ಔಷಧಿ ಪೂರ್ತಿ ಮುಗಿದ ಮ್ಯಾಲೂ ಕಂದು ಬರ್ತಿದ್ರ ಮನಿ ಬಿಡೂಕಿಂತ ಮೊದಲ ದವಾಖಾನಿಗೆ ಫೋನ್ ಮಾಡ್ರಿ, ಅಲ್ಲೇ ಎನಿಮಾ ಕೊಡೂದೋ, ಇನ್ನಷ್ಟ ಕುಡಸೂದೋ ಅವರು ನೋಡ್ತಾರ. ಮುಚ್ಚಿಟ್ಟು ಹೋದ್ರ ಲುಕ್ಸಾನು ನಿಮಗ.

ಹೊಟ್ಟಿ ವಿಪರೀತ ನೋವು, ಹೊಟ್ಟಿ ಉಬ್ಬಿ ಕಲ್ಲಾಗೂದು, ನಿಲ್ಲದ ವಾಂತಿ, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರೂದು, ಮೂತ್ರ ಬಂದ್ ಆಗೂದು, ಇದರಾಗ ಯಾವುದಾದ್ರೂ ಆದ್ರ ಔಷಧಿ ನಿಲ್ಲಸಿ ದವಾಖಾನಿಗೆ ಹೋಗ್ರಿ.

ಟೆಸ್ಟಿನ ದಿನ

ಜೋಡಿ ಒಬ್ಬರು ದೊಡ್ಡಾವರು ಇರಲೇಬೇಕು, ಇಲ್ಲಂದ್ರ ಅರವಳಿಕಿ ಕೊಡೂದಿಲ್ಲ. ಹಳೇ ರಿಪೋರ್ಟ್, ಗುಳಿಗಿ ಚೀಟಿ, ಕಾರ್ಡು, ಒಂದ್ ಜೋಡಿ ಬಟ್ಟಿ ಹೆಚ್ಚಿಗಿ, ಟವೆಲ್ಲು. ಬಂಗಾರ ಮನ್ಯಾಗ ಬಿಟ್ಟು ಬರ್ರಿ, ತಾಳಿ, ಕಾಲುಂಗುರ ತಗೀಬೇಕೇನು ಅಂತ ಸಿಸ್ಟರಿಗೆ ಕೇಳ್ರಿ, ಪಾಲಿಪ್ ಸುಡೂವಾಗ ಕರೆಂಟ್ ಬಳಸ್ತಾರ, ಅದಕ್ಕ ಲೋಹ ಬ್ಯಾಡ ಅಂತಾರ. ಉಗುರಿಗೆ ಬಣ್ಣ ಇದ್ರ ಅಳಸ್ರಿ, ಬೆರಳಿಗೆ ಆಕ್ಸಿಜನ್ ನೋಡೂ ಕ್ಲಿಪ್ ಹಾಕ್ತಾರ. ಕಟ್ಟಿಸಿದ ಹಲ್ಲು ಇದ್ರ ಹೇಳ್ರಿ.

ಹಿಂದ ತೆರದಿರೂ ಗೌನ್ ಕೊಡ್ತಾರ, ಮ್ಯಾಲೆ ಚಾದರ ಹೊಚ್ಚಸ್ತಾರ, ಬೇಕಾದಷ್ಟ ಜಾಗ ಬಿಟ್ಟು ಉಳದಿದ್ದು ಮುಚ್ಚೇ ಇರ್ತೈತಿ. ಕೈಗೆ ಸೂಜಿ ಹಾಕ್ತಾರ. ಎಡಮಗ್ಗಲಾಗಿ, ಮೊಣಕಾಲು ಎದಿ ಕಡಿ ಮಡಚಿ ಮಲಗಸ್ತಾರ. ಪೂರ್ತಿ ನಿದ್ದಿ ಬರೂ ಇಂಜೆಕ್ಷನ್ ಕೊಟ್ರ ಏನೂ ನೆನಪಿರಂಗಿಲ್ಲ, ಅರೆನಿದ್ದಿ ಕೊಟ್ರ ಅವರು ಮಾತಾಡೂದು ಕೇಳಸ್ತೈತಿ, ಹೊಟ್ಟ್ಯಾಗ ಗಾಳಿ ತುಂಬಿ ಹಿಂಡಿದಂಗ ಆಗ್ತೈತಿ. ಕರಳು ತಿರುಗೂ ಜಾಗದಾಗ ಆ ಹಿಂಡೂದು ಹೆಚ್ಚು, ಆವಾಗ ಬಾಯಿಂದ ಉದ್ದಕ ಉಸರು ಬಿಡ್ರಿ, ತಡಕೊಳ್ಳಾಕ ಆಗಲಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ, ನಿಲ್ಲಸ್ತಾರ. ಬಯಾಪ್ಸಿ ತಗದದ್ದು ಗೊತ್ತಾಗಂಗಿಲ್ಲ, ಕರಳಿನ ಒಳಪದರಕ್ಕ ಕತ್ತರಿಸಿದ ನೋವು ತಿಳಿಯೂದಿಲ್ಲ. ನಡುವ ಗಾಳಿ ಹೋಗ್ತೈತಿ, ಭಾಳ ಮಂದಿ ಅದಕ್ಕ ನಾಚಿಕಿ ಪಟ್ಟು ಬಿಗಿಹಿಡೀತಾರ, ಬಿಟ್ಟುಬಿಡ್ರಿ, ಅವರ ತುಂಬಿದ ಗಾಳಿ ಅದು.

ಅಪಾಯ ಐತೇನು ಅಂದ್ರ ಐತಿ, ಕರಳಿಗೆ ತೂತು ಬೀಳೂದು, ಪಾಲಿಪ್ ತಗದ ಜಾಗದಿಂದ ರಕ್ತ. ಬರೇ ನೋಡೂ ಟೆಸ್ಟಿನ್ಯಾಗ ತೂತು ಬೀಳೂದು ಸಾವಿರಕ್ಕ ಒಬ್ಬರಿಗಿಂತ ಕಡಿಮಿ. ಸಹಿ ಮಾಡಸೂ ಫಾರ್ಮ್‌ನ್ಯಾಗ ಇದೆಲ್ಲಾ ಬರದಿರ್ತೈತಿ, ಓದಿಸಿ ಕೇಳಿ ಸಹಿ ಮಾಡ್ರಿ.

ಆದಮ್ಯಾಲೆ

ಒಂದು ತಾಸು ಮಲಗಿಸ್ತಾರ. ಹೊಟ್ಟಿ ಉಬ್ಬರ, ಗಾಳಿ ಅವತ್ತೆಲ್ಲಾ ಇರ್ತೈತಿ, ಅಡ್ಡಾಡಿದ್ರ ಹೋಗ್ತೈತಿ. ಮೊದಲ ಊಟ ಮೆತ್ತನ್ನ ಅನ್ನ, ಸಾರು, ಮೊಸರು, ಮರುದಿನ ರೊಟ್ಟಿ. ನಿಲ್ಲಿಸಿದ ಗುಳಿಗಿ, ಅದ್ರಾಗೂ ರಕ್ತ ತಿಳಿ ಮಾಡೂದು, ಯಾವಾಗ ಮತ್ತ ಶುರು ಮಾಡಬೇಕು ಅಂತ ಬರಿಸ್ಕೊಂಡ ಹೊರಗ ಬರ್ರಿ, ಇದನ್ನ ಮರತು ವಾರಗಟ್ಟಲೆ ಬಿಟ್ಟು ಕುಂದ್ರೂ ಮಂದಿ ಅದಾರ.

24 ತಾಸು ಗಾಡಿ ಹೊಡಿಯಂಗಿಲ್ಲ, ಬೈಕೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಹುಬ್ಬಳ್ಳಿ ಧಾರವಾಡ ನಡುವ ಚಿಗರಿ ಬಸ್ಸಿನ್ಯಾಗ ಜೋಡಿ ಒಬ್ಬರು ಇದ್ರ ಆರಾಮ ಹೋಗಬಹುದು. ಅವತ್ತ ಹೊಲದ ಕಾಗದ, ಬ್ಯಾಂಕಿನ ಕಾಗದಕ್ಕ ಸಹಿ ಹಾಕೂ ಕೆಲಸ ಇಟ್ಕೋಬ್ಯಾಡ್ರಿ, ಎಚ್ಚರ ಇದ್ದಂಗ ಕಂಡ್ರೂ ಔಷಧಿ ತಲ್ಯಾಗ ಇರ್ತೈತಿ.

ಮೊದಲನೇ ಸಲ ಸಂಡಾಸಿಗೆ ಹೋದಾಗ ಒಂದೆರಡ ಹನಿ ರಕ್ತ ಬಂದ್ರ ಗಾಬರಿ ಬ್ಯಾಡ. ಗಡ್ಡಿ ಗಡ್ಡಿ ರಕ್ತ, ಹೆಚ್ಚಾಗ್ತಾ ಹೋಗೂ ಹೊಟ್ಟಿನೋವು, ಹೊಟ್ಟಿ ಬಿಗಿಯೂದು, ಜ್ವರ, ಚಕ್ಕರ್ ಬಂದ್ರ ನಾಳೆ ನೋಡೂಣು ಅನಬ್ಯಾಡ್ರಿ, ರಾತ್ರಿ ಎಷ್ಟ ಹೊತ್ತಾಗಿದ್ರೂ ಎಮರ್ಜೆನ್ಸಿಗೆ ಹೋಗ್ರಿ, ಗಾಡಿ ಇಲ್ಲಂದ್ರ 108. ಪಾಲಿಪ್ ತಗದಿದ್ರ ರಕ್ತ ಎರಡ ವಾರದ ತನಕನೂ ಬರಬಹುದು, ಅಷ್ಟ ದಿನ ಜಾತ್ರಿ, ದೂರದ ಪ್ರಯಾಣ ಇಟ್ಕೊಂಡಿದ್ರ ಡಾಕ್ಟರಿಗೆ ಕೇಳಿ ಹೋಗ್ರಿ.

ರಿಪೋರ್ಟಿನ್ಯಾಗ ನೋಡೂದು

"ನಾರ್ಮಲ್" ಅನ್ನೂ ಶಬ್ದ ಓದಿ ಮಡಚಿಡಬ್ಯಾಡ್ರಿ. ಎರಡ ವಿಷಯ ಹುಡುಕ್ರಿ. ಒಂದು, ಪೈಪ್ ಸೀಕಮ್ ತನಕ ಮುಟ್ಟೈತೇನು, ಅದು ಸಣ್ಣ ಕರಳು ಬಂದು ಕೂಡೂ ಜಾಗ, ಕೆಳಗಿಂದ ಹೋಗೂ ಪೈಪಿಗೆ ದೊಡ್ಡ ಕರಳಿನ ಕೊನಿ, ಅಲ್ಲಿ ತನಕ ಹೋಗಿಲ್ಲಂದ್ರ ಟೆಸ್ಟ್ ಅರ್ಧಾ ಆದಂಗ. ಎರಡು, ಹೊಟ್ಟಿ ಎಷ್ಟು ಸ್ವಚ್ಛ ಇತ್ತು. ಕೆಲವು ರಿಪೋರ್ಟಿನ್ಯಾಗ ಬೋಸ್ಟನ್ ಸ್ಕೋರ್ ಅಂತ ಬರದಿರ್ತಾರ, ಕರಳನ್ನ ಮೂರು ಭಾಗ ಮಾಡಿ ಒಂದೊಂದಕ್ಕ 0 ಯಿಂದ 3 ಮಾರ್ಕು, ಒಟ್ಟು 9ಕ್ಕ. ಮೂರೂ ಭಾಗಕ್ಕ 2 ಇಲ್ಲಾ ಅದಕ್ಕಿಂತ ಹೆಚ್ಚಿದ್ರ ಚಲೋ ನೋಡ್ಯಾರ ಅಂತ ಅರ್ಥ. ಯಾವುದಾದ್ರೂ ಭಾಗಕ್ಕ 0 ಇಲ್ಲಾ 1 ಇದ್ರ ಅಲ್ಲಿ ಸರಿಯಾಗಿ ಕಂಡಿಲ್ಲ, ಯಾವಾಗ ಮತ್ತ ಮಾಡಸಬೇಕು ಅಂತ ಕೇಳ್ರಿ.

ಬಯಾಪ್ಸಿ ರಿಪೋರ್ಟ್ ಬರಾಕ ಸಾಮಾನ್ಯವಾಗಿ ಒಂದು ವಾರದ ಹತ್ರ ಹಿಡೀತೈತಿ. ಡಾಕ್ಟರ್ "ಏನೂ ಚಿಂತಿ ಇಲ್ಲ" ಅಂದಿದ್ರೂ ಆ ರಿಪೋರ್ಟ್ ಹೋಗಿ ತಗೊಂಡು, ಮತ್ತ ಅವರಿಗೇ ತೋರಿಸಿ ಬರಬೇಕು, ಊರು ದೂರ ಐತಿ ಅಂತ ಅಲ್ಲೇ ಬಿಟ್ಟುಬಿಡ್ತಾರ ಮಂದಿ. ಪಾಲಿಪ್ ಅಡಿನೋಮಾ, ಅಂದ್ರ ಬಿಟ್ರ ಮುಂದ ಕ್ಯಾನ್ಸರ್ ಆಗಬಹುದಾದ ಗಡ್ಡಿ, ಅಂತ ಬಂದ್ರ ಮುಂದಿನ ಟೆಸ್ಟ್ ಎಷ್ಟ ವರ್ಷಕ್ಕ ಅನ್ನೂದು ಅದರ ಸಂಖ್ಯೆ, ಗಾತ್ರ, ಜಾತಿ ಮ್ಯಾಲೆ ಹೇಳ್ತಾರ, ಆ ವರ್ಷನ ಫೈಲಿನ ಮ್ಯಾಲೆ ದೊಡ್ಡ ಅಕ್ಷರದಾಗ ಬರದು, ಮಗಗೋ ಮಗಳಿಗೋ ಫೋನಿನ್ಯಾಗ ಹಾಕಿಡಾಕ ಹೇಳ್ರಿ, ಒಡಹುಟ್ಟಿದಾವರಿಗೂ ಒಂದ್ ಫೋನ್ ಮಾಡಿ ಹಿಂಗ ಬಂದೈತಿ ಅಂತ ತಿಳಸ್ರಿ.